ಬಾಯಿಬಿಟ್ಟು ಯಾರೂ ಕೇಳದ ಕಾಯಿ

ಹಿಟ್ಟಿನ ಗಿರಣಿ ಇಟ್ಟ ಮನುಷ್ಯಾನ್ನ ಇಂಥಾ ಪ್ರಸಂಗಗಳು ತಾವಾಗೇ ಹುಡುಕಿಕೊಂಡ ಬರತಾವು, ನಾವು ಕರಿಯೂದು ಬ್ಯಾಡ. ಊರಾಗ ಯಾರ ಮನ್ಯಾಗ ಏನ ನಡದ್ರೂ ಅದು ಜ್ವಾಳದ ಡಬ್ಬಿ ಜೋಡಿ ಗಿರಣಿಗೆ ಬರತೈತಿ, ಹಿಟ್ಟಿನ ಜೋಡಿ ಮತ್ತೊಂದ ಮನಿಗೆ ಹೋಗತೈತಿ. ಬೆಲ್ಟಿನ ಸಪ್ಪಳದಾಗ ಎಲ್ಲಾರೂ ಒದರಿ ಮಾತಾಡಬೇಕಲ್ಲ, ಹಿಂಗಾಗಿ ನಮ್ಮಲ್ಲೆ ಗುಟ್ಟು ಅನ್ನೂದು ಉಳಿಯಂಗಿಲ್ಲ. ಇಷ್ಟ ವರ್ಷ ಮಂದಿ ಸುದ್ದಿ ಕೇಳಿ ನಾ ನಕ್ಕೆ. ಹೋದ ವರ್ಷ ನಮ್ಮ ಮನಿ ಸುದ್ದಿನ ಓಣಿ ಓಣಿ ತಿರಗಿತು. ಅದಕ್ಕ ಕಾರಣ ಒಂದ ಕಾಯಿ.

ಚಪ್ಪರ

ಪಂಚಮಿಗೆ ಅಕ್ಕನ್ನ ತವರಿಗೆ ಕರಿಯಾಕ ನನ್ನ ಹೇಂತಿ ತಮ್ಮ ಬಂದಿದ್ದ. ಧಾರವಾಡದ ಕಡೆ ಒಂದ ನರ್ಸರಿಯಾಗ ಕೆಲಸಾ ಮಾಡತಾನ. ಬರೂ ಮುಂದ ಒಂದ ಬೀಜದ ಪಾಕೀಟ ತಂದಿದ್ದ. "ಮಾಮಾ, ಇದು ಝುಕಿನಿ. ದೊಡ್ಡ ದೊಡ್ಡ ಹೋಟೆಲ್ಲಿನ ಮಂದಿ ಮುಂಜಾನೆದ್ದು ಬಂದು ನಿಂತು ಒಯ್ಯತಾರ" ಅಂದ. ಪಾಕೀಟಿನ ಮ್ಯಾಲ ಹಸರಗ ಉದ್ದಕ ಸವತಿಕಾಯಿ ಹಂಗ ಚಿತ್ರ ಇತ್ತು. ನನಗ ಅಗದಿ ಮನಸಿಗೆ ಬಂತು.

ನೋಡ್ರಿ, ನಾನು ದಿನಾ ಮಂದಿ ಬೆಳದದ್ದನ್ನ ಹಿಟ್ಟ ಮಾಡಿ ಕೊಡಾಂವ. ನಾನಾಗೇ ಏನರ ಒಂದ ಬೆಳದು ಮಂದಿ ಕೈಗೆ ಕೊಡಬೇಕು ಅನ್ನೂ ಆಸೆ ಭಾಳ ದಿನದ್ದು. ಆದ್ರ ನಮ್ಮ ಹಿತ್ತಲ ಪೂರಾ ನಮ್ಮವ್ವನ ರಾಜ್ಯ. ಹೀರಿ, ಬದನಿ, ರಾಜಗಿರಿ, ಮೂಲ್ಯಾಗ ಒಂದ ಮೆಂತೆ ಮಡಿ. ಆ ಮೆಂತೆ ಮಡಿ ನನಗ ಬಿಟ್ಟಕೊಡು ಅಂತ ಕೇಳಿದೆ.

ಅವ್ವ ಪಾಕೀಟ ತಿರುವಿ ಮುರುವಿ ನೋಡಿದ್ಲು. ಆಮ್ಯಾಲ ಅಂದ್ಲು, "ಬನ್ನಿ ಹಬ್ಬದತನಕ ಮಡಿ ನಿಂದು. ಅಷ್ಟರಾಗ ಈ ಊರಾಗಿನ ಒಬ್ಬರರ ನಮ್ಮ ಕಟ್ಟಿಗೆ ಬಂದು, ತಾವಾಗೇ ಬಾಯಿಬಿಟ್ಟು 'ಆ ಕಾಯಿ ಕೊಡ್ರಿ' ಅಂತ ಕೇಳಬೇಕು. ಕೇಳಿದ್ರ ಮಡಿ ಕಾಯಂ ನಿಂದ. ಕೇಳಲಿಲ್ಲಂದ್ರ ಮರುದಿನಾ ನಾ ಮೆಂತೆ ಚೆಲ್ಲತೀನಿ."

ಒಬ್ಬರು ಕೇಳೂದು ಏನ ದೊಡ್ಡ ಮಾತು ಅಂತ ನಾ ಹ್ಞೂಂ ಅಂದೆ.

ಬೀಜಾ ಊರಿದೆ. ಸಸಿ ಎದ್ದು, ಎಲಿ ನೋಡಿದ್ರ ಥೇಟ್ ಕುಂಬಳಕಾಯಿ ಎಲಿ. ಕುಂಬಳಂದ್ರ ಬಳ್ಳಿ, ಬಳ್ಳಿ ಅಂದ್ರ ಚಪ್ಪರ. ಬಾಜು ಮನಿ ಕಾಕಾನ ಹಂತ್ಯಾಕಿಂದ ಗಳಾ ತಂದು, ಎರಡ ದಿನಾ ಗಿರಣಿ ಲಗೂನ ಬಂದ್ ಮಾಡಿ, ಚಲೋ ಗಟ್ಟಿ ಚಪ್ಪರ ಹಾಕಿದೆ. ಹಗ್ಗಾ ಇಳಿಬಿಟ್ಟೆ. ದಿನಾ ಮುಂಜಾನೆ ಎದ್ದು ಹೋಗಿ ಹತ್ತೇತೇನು ಅಂತ ನೋಡತಿದ್ದೆ. ಅದು ಹತ್ತಲಿಲ್ಲ. ಎಲಿ ದೊಡ್ಡೂ ಆದ್ವು, ಹೂವಿನ ಮೊಗ್ಗಿ ಬಂದ್ವು, ಗಿಡ ಮಾತ್ರ ಊಟಕ್ಕ ಕುಂತ ಬೀಗರ ಹಂಗ ನೆಲಾ ಬಿಟ್ಟು ಏಳವಲ್ದು. ನಾನ ಕುಡಿ ಹಿಡದು ಹಗ್ಗಕ್ಕ ಕಟ್ಟಾಕ ಹೋದ್ರ ಕಟ್ಟಾಕ ಕುಡಿನ ಇಲ್ಲ. ಫೋನ್ ಹಚ್ಚಿ ಕೇಳಿದ್ರ ನನ್ನ ಹೇಂತಿ ತಮ್ಮ ನಕ್ಕೊಂತ ಹೇಳಿದ, "ಮಾಮಾ, ಅದು ಬಳ್ಳಿ ಅಲ್ಲ. ಕುಂತಲ್ಲೇ ಕಾಯಿ ಬಿಡತೈತಿ."

ಅಷ್ಟರಾಗ ಬಾಜು ಮನಿ ಕಾಕು ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, ಖಾಲಿ ಚಪ್ಪರ ನೋಡಿ, ನಮ್ಮವ್ವನ್ನ ಕೇಳಿದ್ಲು. "ಯಕ್ಕಾ, ಮನ್ಯಾಗ ಯಾರದರ ಮದವಿ ಐತೇನು? ನಮಗ ಹೇಳಿಲ್ಲ."

ಬೆರಳು

ಹೂವು ಬಿಟ್ಟು, ಹೂವಿನ ಹಿಂದ ಕಿರಬೆರಳಿನಷ್ಟ ಮಿಡಿ ಬಂದ್ವು. ನಾ ಖುಷಿಲೆ ಗಿರಣಿಗೆ ಬಂದಾವ್ರಿಗೆಲ್ಲಾ ಹೇಳಿದೆ. ಆದ್ರ ಆ ಮಿಡಿ ದೊಡ್ಡೂ ಆಗವಲ್ವು. ಹಳದಿ ಆಗಿ, ತುದಿ ಮೆತ್ತಗಾಗಿ, ಕೊಳತು ಬೀಳಾಕತ್ತಿದ್ವು.

ಅವ್ವಗ ಕಾರಣ ಹುಡುಕಾಕ ಹೊತ್ತ ಹಿಡೀಲಿಲ್ಲ. "ಯಾರೋ ಬೆರಳ ಮಾಡಿ ತೋರಿಸ್ಯಾರ."

ಮಿಡಿಗಾಯಿಗೆ ಬೆರಳ ಮಾಡಬಾರದು ಅಂತ ನಮ್ಮ ಕಡೆ ಸಣ್ಣ ಹುಡುಗ್ರಿಗೂ ಗೊತ್ತು. ಬೆರಳ ಮಾಡಿದ್ರ ಮಿಡಿ ಕೊಳಿತಾವು. ಅವ್ವನ ಸಂಶೆ ಸೀದಾ ಹೋಗಿ ಕುಂತದ್ದು ಬಾಜು ಮನಿ ಕಾಕು ಮ್ಯಾಲ. ಯಾಕಂದ್ರ ಮದವಿ ಚಪ್ಪರ ಅಂದಾಕಿ ಆಕಿನ. ಅವತ್ತಿಂದ ಅವ್ವ ಹಿತ್ತಲದಾಗ ಚಾಪಿ ಹಾಸಿಕೊಂಡ ಕುಂತ್ಲು. ಯಾರರ ಹಿತ್ತಲಕ್ಕ ಬಂದ್ರ ಮೊದಲ ಮಾತು, "ಕೈ ಹಿಂದ ಕಟ್ಟಿಕೊಂಡ ನೋಡ್ರಿ." ತೋರಸೂದ ಇದ್ರ ಮುಟಗಿ ಮಾಡಿ ತೋರಸಬೇಕು. ಕಾಕಾ ಒಂದ ದಿನಾ ಮರತು ಗದ್ದಾ ಎತ್ತಿ ತೋರಿಸಿದ್ದಕ್ಕ, ಗದ್ದಾನೂ ಬ್ಯಾಡ ಅಂದ್ಲು. ಮುಟಗಿ ಮಾಡಿಕೊಂಡ ನಿಂತ ಮಂದಿನ್ನ ಗ್ವಾಡಿ ಆಚೆ ಕಡೆಯಿಂದ ನೋಡಿದಾವ್ರು ಗಿರಣಿ ಮನ್ಯಾಗ ಜಗಳಾ ನಡದೈತಿ ಅಂತ ತಿಳಕೊಂಡ್ರು.

ಇಷ್ಟಾದ್ರೂ ಮಿಡಿ ಕೊಳಿಯೂದು ನಿಂದರಲಿಲ್ಲ. ಮತ್ತ ಫೋನ್ ಹಚ್ಚಿದೆ. ಆಂವ ಹೇಳಿದ, "ಮಾಮಾ, ಹುಳಾ ಬರವಲ್ವು ಅಂತ ಕಾಣತೈತಿ. ಗಂಡ ಹೂವು ಬ್ಯಾರೆ, ಹೆಣ್ಣ ಹೂವು ಬ್ಯಾರೆ ಇರತಾವು. ಹೊತ್ತ ಏರೂದರಾಗ ಗಂಡ ಹೂವು ಹರದು, ಪಕಳಿ ತಗದು, ಹೆಣ್ಣ ಹೂವಿನೊಳಗ ನೀನ ಮುಟ್ಟಿಸಬೇಕು."

ಮರುದಿನಾ ಮುಂಜಾನೆ ಒಂದ ಹೂವು ಕೈಯಾಗ ಹಿಡಕೊಂಡು, ಮೊಣಕಾಲೂರಿ, ಒಂದೊಂದ ಹೆಣ್ಣ ಹೂವಿಗೂ ಮುಟ್ಟಿಸ್ಕೊಂತ ಹೊಂಟಿದ್ದೆ. ಹಿಂದ ಅವ್ವ ಬಂದ ನಿಂತದ್ದು ಗೊತ್ತಾಗಲಿಲ್ಲ.

"ಏನಲೇ ಅದು?"

"ಏನಿಲ್ಲವ್ವಾ. ಇವಕ್ಕ ಗಂಡು ಹೆಣ್ಣು ನಾವ ಕೂಡಸಬೇಕಂತ. ಒಂದ ನಮೂನಿ ಮದವಿ ಅನ್ನು."

ಅವ್ವ ತಲಿ ಎತ್ತಿ ಮ್ಯಾಲ ಖಾಲಿ ಚಪ್ಪರ ನೋಡಿದ್ಲು. "ಹಂಗಾರ ಚಪ್ಪರ ಹಾಕಿದ್ದು ಸುಳ್ಳ ಆಗಲಿಲ್ಲ ಬಿಡು" ಅಂದು ಚಾಪಿ ಸುತ್ತಿಕೊಂಡ ಒಳಗ ಹೋದ್ಲು.

ಮೊದಲನೇ ಪೆಟ್ಟು

ಒಮ್ಮೆ ಹಿಡೀತು ನೋಡ್ರಿ, ಆಮ್ಯಾಲ ಅವಕ್ಕ ತಡಾನ ಇಲ್ಲ. ಸಂಜಿಗೆ ಗೇಣುದ್ದ ಇದ್ದದ್ದು ಮುಂಜಾನೆ ನೋಡಿದ್ರ ಮಳದುದ್ದ. ಹರದಷ್ಟೂ ಬರತಾವು. ಒಂದ ಗಿಡಾ ಮನಿಗೆ ಸಾಕು ಅಂತಾರಂತ. ನಾ ಪೂರಾ ಪಾಕೀಟ ಊರಿದ್ದೆ.

ಮೊದಲನೇ ಕಾಯಿ ಪಲ್ಲೆ ನನ್ನ ಹೇಂತಿ ಗುರೆಳ್ಳ ಪುಡಿ ಹಾಕಿ ಮಾಡಿದ್ಲು. ರೊಟ್ಟಿ ಜೋಡಿ ನನಗ ಚಲೋ ಅನಿಸಿತು. ನಮ್ಮವ್ವ ಒಂದ ತುತ್ತ ತಿಂದು, ಅಗದು, ನುಂಗಿ, "ಹೀರಿಕಾಯಿ ಮೈ ಹುಷಾರಿಲ್ಲದಂಗ ಐತಿ" ಅಂದ್ಲು. ಅದ ಕಡೀದು. ಆಮ್ಯಾಲ ಆಕಿ ಅದನ್ನ ತಿನ್ನಲೂ ಇಲ್ಲ, ಹೆಸರ ಹಿಡದು ಕರಿಯಲೂ ಇಲ್ಲ. ಯಾವಾಗಲೂ "ಅದು" ಅಂತಿದ್ಲು.

ಮಂದಿ ಕೇಳಬೇಕಂದ್ರ ಮೊದಲ ರುಚಿ ಗೊತ್ತಾಗಬೇಕು ಅಂತ ನಾ ಗಿರಣಿಯಾಗ ಎಲ್ಲಾರ ಹಿಟ್ಟಿನ ಡಬ್ಬಿ ಮ್ಯಾಲ ಒಂದೊಂದ ಕಾಯಿ ಇಟ್ಟ ಕಳಸಾಕತ್ತಿದೆ. ಮಂದಿ ಮರ್ಯಾದಿಲೆ ಇಸಗೊಂಡ್ರು. ಮರುದಿನಾ ಮ್ಯಾಲಿನ ಓಣಿ ಅಕ್ಕ ಒಬ್ಬಾಕಿ ಕಾಯಿ ವಾಪಸ್ ತಗೊಂಡ ಬಂದ್ಲು. ಜೋಡಿ ಒಂದ ಚಾಕು.

"ಯಾಕ್ರೀ, ಹುಳಕ ಐತೇನ್ರಿ?"

"ಇಲ್ರಿ ಅಣ್ಣಾರ. ಎಲಿ ಕುಂಬಳದ್ದು ಅಂತೀರಿ. ಇಡೀ ಕುಂಬಳಕ್ಕ ಹೆಣ್ಣಮಕ್ಕಳು ಮೊದಲನೇ ಪೆಟ್ಟ ಹಾಕಬಾರದಲ್ರೀ. ನಮ್ಮ ಮನಿಯಾವ್ರು ಹೊಲಕ್ಕ ಹ್ವಾದ್ರ ಸಂಜಿಗೆ ಬರತಾರ. ನೀವ ಒಂದ ಪೆಟ್ಟ ಹಾಕಿ ಕೊಡ್ರಿ, ಮುಂದ ನಾ ನೋಡಕೋತೀನಿ."

ಹೌದ್ರಿ, ಆ ಪದ್ಧತಿ ನಮ್ಮಲ್ಲೂ ಐತಿ. ಗಂಡಮಕ್ಕಳು ಒಡದ ಮ್ಯಾಲನ ಹೆಣ್ಣಮಕ್ಕಳು ಹೆಚ್ಚೂದು. ಆದ್ರ ಇದೇನು ಬೂದಗುಂಬಳ ಅಲ್ಲ, ಸವತಿಕಾಯಿಯಷ್ಟ ಕಾಯಿ ಅಂತ ಎಷ್ಟ ಹೇಳಿದ್ರೂ ಕೇಳಲಿಲ್ಲ. ಪೆಟ್ಟ ಹಾಕಿ ಕೊಟ್ಟೆ. ಸಂಜಿ ಅನ್ನೂದರಾಗ ಸುದ್ದಿ ಹಬ್ಬಿತು. ಮರುದಿನಾ ಗಿರಣಿ ಮುಂದ ಡಬ್ಬಿ ಪಾಳೆ ಬ್ಯಾರೆ, ಕಾಯಿ ಪಾಳೆ ಬ್ಯಾರೆ. ಒಬ್ಬಾಕಿ ಈಳಗಿ ತಂದಿದ್ಲು, ಒಬ್ಬಾಕಿ ಕುಡಗೋಲ ತಂದಿದ್ಲು. ಒಂದ ಕೈಲೆ ಜ್ವಾಳಾ ಸುರೀತಿದ್ದೆ, ಒಂದ ಕೈಲೆ ಪೆಟ್ಟ ಹಾಕತಿದ್ದೆ. ನನ್ನ ಹೇಂತಿನೂ ಅದ ಹಟಾ ಹಿಡದಿದ್ಲು, ಹಿಂಗಾಗಿ ಮನ್ಯಾಗೂ ಆ ಕೆಲಸಾ ನಂದ.

ಕಡೀಕ ನಾ ಒಂದ ಉಪಾಯ ಮಾಡಿದೆ. ಹಿತ್ತಲದಾಗ ಹರಿಯೂ ಮುಂದನ ಎಲ್ಲಾ ಕಾಯಿಗೂ ಒಂದೊಂದ ಪೆಟ್ಟ ಹಾಕಿ ತಂದೆ. ಒಬ್ಬರೂ ಮುಟ್ಟಲಿಲ್ಲ. ಯಾರೋ ಕೊಯ್ದ ಬಿಟ್ಟದ್ದು ನಮಗ್ಯಾಕ ಅಂದ್ರು.

"ಯಾರೋ ಅಲ್ರೀ, ನಾನ ಕೊಯ್ದದ್ದು" ಅಂದೆ.

ಮ್ಯಾಲಿನ ಓಣಿ ಅಕ್ಕ ಅಂದ್ಲು, "ಅಣ್ಣಾರ, ಇಷ್ಟ ಕಸರತ್ತ ಮಾಡೂ ಬದಲಿ ನೀವ ಮನಿಗೆ ಬಂದು ಒಗ್ಗರಣಿ ಹಾಕಿ ಹೋಗ್ರಿ."

ಪ್ರಾಮಾಣಿಕರು

ಇದಾದ ಮ್ಯಾಲ ಗಿರಣಿಗೆ ಮಂದಿ ಬರೂದು ಕಮ್ಮಿ ಆತು. ಮೊದಲ ನನಗ ತಿಳೀಲಿಲ್ಲ. ಮ್ಯಾಲಿನ ಓಣಿ ಅಕ್ಕ ಬರೂದ ಬಿಟ್ಲು. ಬಂದಾವ್ರೂ ಡಬ್ಬಿ ಬಾಯಿಗೆ ಅರಬಿ ಕಟ್ಟಿಕೊಂಡ ಬರತಿದ್ರು, ಮ್ಯಾಲ ಏನೂ ಇಡಾಕ ಬರಬಾರದು ಅಂತ. ಹಿಟ್ಟ ಇಸಗೊಂಡ್ರ ಹಿಂದ ನೋಡದ ಹೋಗತಿದ್ರು. ಹಳ್ಳದ ಆಚೆ ಇನ್ನೊಂದ ಗಿರಣಿ ಐತಿ. ದೂರ ಆಗತೈತಿ, ಹಿಟ್ಟ ಉರುಟ ಬೀಳತೈತಿ ಅಂತ ಮೊದಲ ಯಾರೂ ಹೋಗತಿದ್ದಿಲ್ಲ. ಈಗ ತಲಿ ಮ್ಯಾಲ ಡಬ್ಬಿ ಹೊತ್ತ ಹೆಣ್ಣಮಕ್ಕಳು ನಮ್ಮ ಬಾಗಲಾ ದಾಟಿ ಅತ್ತಾಗ ಹೋಗೂದನ್ನ ನಾ ಕುಂತು ನೋಡಬೇಕಾತು. ಅಪ್ಪ ಹಾಕಿದ ಗಿರಣಿ ಅದು. ಎಂದೂ ಬೆಲ್ಟ ತಣ್ಣಗ ಇದ್ದದ್ದಿಲ್ಲ.

ನನ್ನ ಹೇಂತಿ ನೀರ ತುಂಬಾಕ ಹೋದಲ್ಲೆ ಕೇಳಕೊಂಡ ಬಂದ್ಲು. "ಅಣ್ಣಾರು ಬರೇ ಹಿಟ್ಟ ಕೊಡತೀನಿ ಅಂದ್ರ ಬರತೀವಿ ಅಂತಾರ್ರಿ" ಅಂದು ಕಣ್ಣಾಗ ನೀರ ತಂದ್ಲು.

ಕೊಡೂದು ಬಂದ್ ಮಾಡಿದೆ. ಆದ್ರ ಗಿಡಕ್ಕ ಯಾರ ಹೇಳಬೇಕು? ಅದು ಕಾಯಿ ಬಿಡಕೋತನ ಇತ್ತು. ಮನ್ಯಾಗ ಮೂಲಿ ಮೂಲಿಗೆ ಕಾಯಿ. ಒಂದ ಮುಂಜಾನೆ ಚೀಲ ತುಂಬಿಕೊಂಡು ಹುಬ್ಬಳ್ಳಿ ಬಸ್ ಹತ್ತಿದೆ. ಹತ್ತಿ, ಹಿಂದಿನ ಸೀಟಿನ ಕೆಳಗ ಚೀಲ ಇಟ್ಟು, ಏನೋ ಮರತಾವನ ಹಂಗ ಮಾಡಿ ಮುಂದಿನ ಬಾಗಲಲೆ ಇಳದ ಬಂದೆ. ಹುಬ್ಬಳ್ಳ್ಯಾಗ ಯಾರರ ಪುಣ್ಯಾತ್ಮರು ಒಯ್ದು ಪಲ್ಲೆ ಮಾಡಕೊಳ್ಳಲಿ ಅಂತ. ಮನಸಿಗೆ ಹಗುರ ಆತು.

ಸಂಜಿ ಮುಂದ ಅದ ಬಸ್ ವಾಪಸ್ ಬಂತು. ನಿಲ್ದಾಣದಾಗ ನಿಂದರೂದು ಬಿಟ್ಟು ಸೀದಾ ಗಿರಣಿ ಮುಂದ ಬಂದು ನಿಂತು ಹಾರ್ನ್ ಹೊಡೀತು. ಚೀಲದ ಮ್ಯಾಲ ನಮ್ಮ ಗಿರಣಿ ಹೆಸರು ಬರದದ್ದು ನನಗ ನೆನಪಿದ್ದಿಲ್ಲ. ಕಂಡಕ್ಟರ್ ಚೀಲ ಇಳಿಸಿಕೊಟ್ಟ. "ದಿನಾ ಪೂರ್ತಿ ಕಾಲಾಗ ಇಟಗೊಂಡ ಕಾದೀನ್ರಿ. ಒಂದ ಕಾಯಿ ಯಾರೂ ಮುಟ್ಟಿಲ್ಲ, ಎಣಿಸಿಕೋರಿ."

ಬಸ್ಸಿನಾಗಿನ ಮಂದಿ ಎಲ್ಲಾ ಕಿಡಕ್ಯಾಗ ತಲಿ ಹಾಕಿ ನನ್ನ ಕಡೆ ನೋಡಾಕತ್ತಿದ್ರು. ನಾ ಕೈ ಮುಗದು, "ಭಾಳ ಉಪಕಾರ ಆತ್ರಿ" ಅಂದೆ. ನಮ್ಮ ಕಡೆ ಮಂದಿ ಇಷ್ಟ ಪ್ರಾಮಾಣಿಕ್ರು ಅಂತ ಗೊತ್ತಾದಾಗ ನನಗ ಇಷ್ಟ ದುಃಖ ಆದದ್ದು ಅದ ಮೊದಲು.

ಖಂಡೇಪೂಜಿ

ಬನ್ನಿ ಹಬ್ಬದ ಹಿಂದಿನ ದಿನಾ ಖಂಡೇಪೂಜಿ. ಗಾಡಿ, ಟ್ರ್ಯಾಕ್ಟರ್, ಗಿರಣಿ, ಎಲ್ಲಾಕ್ಕೂ ಪೂಜಿ ಮಾಡಿ, ದೃಷ್ಟಿ ಹೋಗಲಿ ಅಂತ ಬೂದಗುಂಬಳ ಇಳೆ ತಗದು ಒಡಿಯೂದು. ಅಷ್ಟೊತ್ತಿಗೆ ನಾ ಆಸೆ ಬಿಟ್ಟಿದ್ದೆ. ಅವ್ವ ಮೆಂತೆ ಬೀಜಾ ಅರಬ್ಯಾಗ ಕಟ್ಟಿ ಗೂಟಕ್ಕ ತೂಗಹಾಕಿದ್ಲು.

ಮುಂಜಾನೆ ಬಾಜು ಮನಿ ಕಾಕಾ ನಮ್ಮ ಕಟ್ಟಿ ಮುಂದ ಬಂದ ನಿಂತ. ಅವ್ವ ಕಟ್ಟಿ ಮ್ಯಾಲ ಬತ್ತಿ ಹೊಸ್ಕೊಂತ ಕುಂತಿದ್ಲು. ಕಾಕಾ ಆಕಡೆ ಈಕಡೆ ನೋಡಿದ.

"ಗುಡಗೇರಿ ಸಂತ್ಯಾಗ ಬೂದಗುಂಬಳ ಮುಗದ ಹೋಗಿದ್ದೂಪಾ. ಆ ನಿನ್ನ ಕಾಯಿ ಐತಲಾ, ಅದು ಒಂದ ದೊಡ್ಡದು ಇದ್ರ ಕೊಡು."

ನಾ ಲಗೂನ ಎದ್ದು ನಿಂತೆ. "ಪಲ್ಲೆಕ್ಕೇನ್ರಿ ಕಾಕಾ?"

"ಟ್ರ್ಯಾಕ್ಟರಿಗೆ."

ನಾ ಅವ್ವನ ಮಾರಿ ನೋಡಿದೆ. ಆಕಿ ಬತ್ತಿ ಹೊಸಿಯೂದು ಬಿಡಲಿಲ್ಲ. ಎಲಿ ಬುಡಕ ನನ್ನ ಕಣ್ಣ ತಪ್ಪಿಸಿಕೊಂಡು ಬೆಳದದ್ದು ಒಂದ ಇತ್ತು, ಒನಕಿಯಷ್ಟ ದಪ್ಪ, ಸಿಪ್ಪಿ ಅಂದ್ರ ಕಟಗಿ. ತಂದ ಕೊಟ್ಟೆ.

ರಾತ್ರಿ ಮಳಿ ಆಗಿ ಓಣಿ ತುಂಬ ಎರಿ ಮಣ್ಣಿನ ರಾಡಿ. ಕಾಕಾ ಕಾಯಿಗೆ ಕುಂಕುಮಾ ಹಚ್ಚಿ, ಕರ್ಪೂರ ಇಟ್ಟು, ಇಳೆ ತಗದು, ಜೋರಲೆ ಒಗದ. ಅದು ರಾಡ್ಯಾಗ ಧಪ್ ಅಂತ ಬಿದ್ದು ಹಂಗ ಕುಂತಿತು. ಎತ್ತಿ ಮತ್ತೊಮ್ಮೆ ಒಗದ. ಮತ್ತ ಕುಂತಿತು.

"ಒಡದಿಲ್ಲ ಅಂದ್ರ ದೃಷ್ಟಿ ಹೋಗಿಲ್ಲ" ಅಂದ್ಲು ಕಾಕು.

"ದೃಷ್ಟಿ ಇದ್ರಲ್ಲೇನು ಹೋಗೂದು" ಅಂದ ಕಾಕಾ. ಆಂವನ ಮಾತು ಎಲ್ಲಾರಿಗೂ ಖರೇ ಅನಿಸಿತು. ಆ ಟ್ರ್ಯಾಕ್ಟರ್ ಚಾಲೂ ಆಗಬೇಕಂದ್ರ ಓಣಿ ಮಂದಿ ಬಂದು ನೂಕಬೇಕು, ಅದಕ್ಕ ಯಾರ ಕಣ್ಣ ಹತ್ತೂದು? ಕಾಯಿ ಹಂಗ ಇತ್ತಲ್ಲ, ಕೆಟ್ಟಿಲ್ಲ, ಅದಕ್ಕ ಯಾವ ದೃಷ್ಟಿನೂ ಇಳದಿಲ್ಲ ಅಂತ ತೀರ್ಮಾನಾ ಆತು. ಕಾಕಾ ಅದನ್ನ ತೊಳದು ತಂದು ನಮ್ಮ ಕಟ್ಟಿ ಮ್ಯಾಲ ಇಟ್ಟ ಹ್ವಾದ.

ಸಂತ್ಯಾಗ ಬೂದಗುಂಬಳ ಸಿಗದಾವ್ರು ಆಂವ ಒಬ್ಬನ ಅಲ್ಲ. ಸ್ವಲ್ಪ ಹೊತ್ತಿಗೆ ಬೈಕಿನಾಂವ ಒಬ್ಬ ಬಂದ. "ಆಯೀ, ಆ ಕಾಯಿ ಕೊಡ್ರಿ." ಅವ್ವ "ಒಯ್ಯಿ" ಅಂದ್ಲು. ಬೈಕಿಗೆ ಒಗದ್ರು, ರಾಡ್ಯಾಗ ಕುಂತಿತು, ತೊಳದ ತಂದ ಇಟ್ರು. ಮುಂದ ಟಂಟಂ ಗಾಡಿಯಾಂವ ಬಂದ. "ಆಯೀ, ಆ ಕಾಯಿ ಕೊಡ್ರಿ." ಅವಂದೂ ಆತು. ಬೋರಿನ ಮೋಟರ್, ಕಬ್ಬಿಣ ಕೆಲಸದಾವನ ಗಾಳಿ ಊದೂ ಭಾತಿ, ಹೊಲಿಗಿ ಮಶೀನು, ಕಡೀಕ ಒಬ್ಬಾಂವ ಸಾಯಕಲ್ಲಿಗೂ ಒಯ್ದ. ಎಲ್ಲಾರೂ ಕಟ್ಟಿಗೆ ಬಂದು ಬಾಯಿಬಿಟ್ಟು ಕೇಳಿ ಒಯ್ಯಾವ್ರು, ಒಡೀದ ವಾಪಸ್ ತಂದ ಇಡಾವ್ರು.

ಸಂಜಿಗೆ ಉಳದದ್ದು ನಮ್ಮ ಗಿರಣಿ. ಪೂಜಿ ಮಾಡಿ ನಾ ಅದನ್ನ ಇಳೆ ತಗದೆ. ನಮ್ಮ ಗಿರಣಿ ಮುಂದ ಪರಸಿಕಲ್ಲ ಹಾಸೇತಿ. ಅಲ್ಲೆ ಒಗದ ಹೊಡತಕ್ಕ ಒಡದು ಹೋಳ ಹೋಳ ಆತು. ಓಣಿ ಮಂದಿ ಎಲ್ಲಾ ಸಮಾಧಾನದ ಉಸರ ಬಿಟ್ರು. ಅಷ್ಟರಾಗ ಕಾಕುನ ಆಡು ಹಗ್ಗಾ ಹರಕೊಂಡ ಬಂದು, ಒಂದ ಬೀಜಾನೂ ಬಿಡದ ತಿಂದು, ಕಲ್ಲ ನೆಕ್ಕಿ, ನನ್ನ ಮಾರಿ ನೋಡಿತು. ಇನ್ನೊಂದ ಐತೇನು ಅಂತ ಕೇಳಿದಾವ್ರು ನಮ್ಮೂರಾಗ ಅದೊಂದ.

ಬನ್ನಿ

ಮರುದಿನಾ ಸಂಜಿ ಬನ್ನಿ ಕೊಡಾಕ ಮಂದಿ ಬಂದ್ರು. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು" ಅಂತ ಕೊಟ್ಟು, ನನ್ನ ಕೈಯಾಗ ಬನ್ನಿ ಬಿಟ್ಟು ಮತ್ತೇನರ ಐತೇನು ಅಂತ ನೋಡಿ, ಲಗು ಲಗು ಹ್ವಾದ್ರು. ಎಲ್ಲಾರೂ ಹೋದ ಮ್ಯಾಲ ನಾನ ಎದ್ದು ಗೂಟಕ್ಕಿದ್ದ ಮೆಂತೆ ಬೀಜಾ ತಂದು ಅವ್ವನ ಮುಂದ ಇಟ್ಟೆ.

"ಇದ್ಯಾಕ?" ಅಂದ್ಲು.

"ನಾಳೆ ಚೆಲ್ಲತೀಯಲ್ಲ. ಯಾರೂ ಕೇಳಲಿಲ್ಲವ್ವಾ."

"ನಿನ್ನೆ ದಿನಾ ಪೂರ್ತಿ ನನ್ನ ಕಟ್ಟಿ ಮುಂದ ನಿಂತು ಕೇಳಿದಾವ್ರು ಯಾರ ಹಂಗಾರ?"

"ಅದು ತಿನ್ನಾಕಲ್ಲ."

"ತಿನ್ನಾಕ ಕೇಳಬೇಕು ಅಂತ ನಾ ಎಲ್ಲೆ ಅಂದಿದ್ದೆ? ಬಾಯಿಬಿಟ್ಟು ಕೇಳಬೇಕು ಅಂದಿದ್ದೆ. ಕೇಳಿದ್ರು. ಮಡಿ ನಿಂದು." ಹಂಗಂದು ಒಳಗ ಹೋಗಿ, ಸೆರಗಿನಾಗ ಎರಡ ದೊಡ್ಡ ಕಾಯಿ ಮುಚ್ಚಿಕೊಂಡ ಬಂದ್ಲು. ಬೂದಿ ಹಚ್ಚಿ ಇಟ್ಟಿದ್ಲು. "ಮುಂದಿನ ವರ್ಷಕ್ಕ ಬೀಜಾ ಬೇಕಲಾ ಅಂತ ಗಿಡದಾಗ ಹರೀದ ಬಿಟ್ಟಿದ್ದೆ. ಒಂದು ಬೀಜಕ್ಕ ಇರಲಿ. ಇನ್ನೊಂದನ್ನ ಗಿರಣಿ ಬಾಗಲಿಗೆ ಕಟ್ಟು. ನಮ್ಮ ಗಿರಣಿಗೆ ಯಾರದೋ ಕಣ್ಣ ಹತ್ತೇತಿ."

ಹೆಸರ ಸುದ್ದಾ ಕರಿಯದಾಕಿ ಬೀಜಾ ಎತ್ತಿಟ್ಟಿದ್ಲು.

ಮುಂಜಾನೆ ಕಾಯಿಗೆ ಸುಣ್ಣದ ಬೊಟ್ಟ ಇಟ್ಟು, ಕರೀ ದಾರಲೆ ಗಿರಣಿ ಬಾಗಲಿಗೆ ಕಟ್ಟಿದೆ. ಹೊತ್ತ ಏರೂದರಾಗ ಮಂದಿ ಬರಾಕತ್ತಿದ್ರು. ಹಳ್ಳದ ಕಡೆ ಹೊಂಟಾವ್ರು ನಿಂತು, ಮ್ಯಾಲ ನೋಡಿ, ಡಬ್ಬಿ ಇಳಿಸಿ ಒಳಗ ಬಂದ್ರು. ಮಧ್ಯಾಹ್ನದೊಳಗ ಬೆಲ್ಟ ಕಾಯಾಕತ್ತಿತು.

ಮ್ಯಾಲಿನ ಓಣಿ ಅಕ್ಕನೂ ಬಂದ್ಲು. ಬಾಗಲದಾಗ ನಿಂತು, ತೂಗಹಾಕಿದ ಕಾಯಿನ್ನ ಭಾಳ ಹೊತ್ತ ನೋಡಿದ್ಲು. ಆಮ್ಯಾಲ ನನ್ನ ಕಡೆ ತಿರುಗಿ, ಬೆಲ್ಟಿನ ಸಪ್ಪಳದ ಮ್ಯಾಲ ಎಲ್ಲಾರಿಗೂ ಕೇಳಿಸೂ ಹಂಗ ಅಂದ್ಲು.

"ಅಣ್ಣಾರ, ಇದು ಬಾಗಲಿಗೆ ಕಟ್ಟೂ ಕಾಯಿ ಅಂತ ಮೊದಲ ಹೇಳಬಾರದೇನ್ರಿ? ನಾವು ಪಲ್ಲೆ ಮಾಡಕೊಂಡ ತಿಂದ್ವಿ."